ಐದು ಲೆನ್ಸಿನ ಬ್ಯಾಗು

ಜಿಪ್ಪು ಅರ್ಧಕ್ಕೆ ಬಂದು ನಿಂತಿತು. ಗಂಡ ಇನ್ನೊಮ್ಮೆ ಜಗ್ಗಿದ, ಹಲ್ಲು ಕಚ್ಚಿ ಮತ್ತೊಮ್ಮೆ ಜಗ್ಗಿದ. ಉದ್ದ ಲೆನ್ಸಿನ ಮೂತಿ ಬ್ಯಾಗಿನ ಬಾಯಿಂದ ಎರಡು ಬೆರಳಷ್ಟು ಹೊರಗೇ ಉಳಿಯಿತು.

"ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದು ಹೆಂಡತಿಯ ಕಡೆ ತಿರುಗಿದ, ಆ ಬ್ಯಾಗನ್ನು ಹೊಲಿದವಳು ಅವಳೇ ಎಂಬಂತೆ.

ಅವಳು ಟವೆಲಿನಲ್ಲಿ ಸುತ್ತಿದ ಇನ್ನೆರಡು ಲೆನ್ಸುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಇದು ಏಳನೆಯ ಬ್ಯಾಗು. ಈ ವಾರ ಅವರು ಈ ಅಂಗಡಿಗೆ ಬಂದಿರುವುದು ಮೂರನೆಯ ಸಲ. ಬೆನ್ನಿಗೆ ಹಾಕುವ ಬ್ಯಾಗು ಬೇಡ, ಇಳಿಸಿ ತೆಗೆಯುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ಒಂದೇ ಹೆಗಲಿನದು ಬೇಡ, ಒಂದು ಗಂಟೆಗೆ ಕತ್ತು ಹಿಡಿಯುತ್ತದೆ. ಚಕ್ರದ್ದು ಬೇಡ, ಹೊಳೆದಂಡೆಯ ಕಲ್ಲಿನ ಮೇಲೆ ಚಕ್ರ ಉರುಳೀತೇ? ಸೊಂಟಕ್ಕೆ ಕಟ್ಟುವುದನ್ನಂತೂ ಮುಟ್ಟಿಯೂ ನೋಡಲಿಲ್ಲ. ಮೊದಲ ದಿನ ‘ಸಾರ್’ ಎಂದು ಎದ್ದು ನಿಂತಿದ್ದ ಅಂಗಡಿಯವನು ಇವತ್ತು ಕೂತಲ್ಲಿಂದಲೇ ಕಪಾಟು ತೋರಿಸಿದ್ದ.

ಊರಿನಲ್ಲಿ ಗಂಡನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮದುಮಗಳಿರಲಿ, ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಪೊಲೀಸಿರಲಿ, "ಗಲ್ಲ ಇಳಿಸಿ, ಗಲ್ಲ!" ಎಂದು ಗದರುತ್ತಿದ್ದುದರಿಂದ ‘ಗಲ್ಲ ಮೇಷ್ಟ್ರು’ ಎಂದೇ ಹೆಸರು ನಿಂತಿತ್ತು. ಅವಳು ಲೆನ್ಸಮ್ಮ. ಇಪ್ಪತ್ತಾರು ವರ್ಷ ಗಂಡನ ಎಡಬದಿಗೆ, ಲೆನ್ಸುಗಳ ಚೀಲವನ್ನು ಎಡ ಹೆಗಲಿಗೆ ನೇತುಹಾಕಿಕೊಂಡು ನಿಂತವಳು. ಅವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಎಡಗೈಯನ್ನು ಹಿಂದಕ್ಕೆ ಚಾಚುತ್ತಿದ್ದ. ಅಂಗೈ ಅಗಲಿಸಿದರೆ ಅಗಲದ ಲೆನ್ಸು, ಎರಡು ಬೆರಳು ಮಡಿಸಿದರೆ ಉದ್ದದ್ದು. ಬಾಯಿ ಬಿಟ್ಟು ಕೇಳುವ ಪ್ರಮೇಯವೇ ಬಂದಿರಲಿಲ್ಲ.

ಹದಿನೈದು ದಿನದ ಹಿಂದೆ ಒಂದು ಪತ್ರ ಬಂದಿತ್ತು. ನದಿ ಹುಟ್ಟುವಲ್ಲಿಂದ ಸಮುದ್ರ ಸೇರುವವರೆಗಿನ ಹಳೆಯ ಸೇತುವೆಗಳನ್ನೆಲ್ಲ ಸೇರಿಸಿ ಪುಸ್ತಕ ತರುವವರು, ಅವನು ಎಂದೋ ತೆಗೆದಿದ್ದ ಊರ ಸೇತುವೆಯ ಚಿತ್ರವನ್ನು ಎಲ್ಲೋ ನೋಡಿ ಬರೆದಿದ್ದರು. ಒಂದು ತಿಂಗಳ ತಿರುಗಾಟ. ಬಸ್ಸು, ದೋಣಿ, ನಡಿಗೆ. ವ್ಯವಸ್ಥೆ ಒಬ್ಬರಿಗೆ ಮಾತ್ರ. ಪುಸ್ತಕದ ಮೇಲೆ ಅವನ ಹೆಸರು. ಪತ್ರ ಬಂದ ದಿನ ಅವನು ಸ್ಟುಡಿಯೋದ ಮುಂದಿನ ಗಾಜನ್ನು ತಾನೇ ಒರೆಸಿದ, ಸಿಳ್ಳೆ ಹಾಕಿದ. ಮರುದಿನದಿಂದ ಬ್ಯಾಗಿನ ಗೋಳು ಶುರುವಾಯಿತು. ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ಇವತ್ತು ಗುರುವಾರ.

"ಸಾರ್, ಐದೂ ಬೇಕೇ ಬೇಕಾ? ಮೂರು ತಗೊಂಡು ಹೋದ್ರೆ..." ಅಂಗಡಿಯವನು ಮೆಲ್ಲಗೆ ಕೇಳಿದ.

"ನಿಮಗೆ ಐದು ಬೆರಳಿದೆಯಲ್ಲ, ಎರಡು ಇಲ್ಲೇ ಇಟ್ಟು ಮನೆಗೆ ಹೋಗಿ ಅಂದ್ರೆ ಹೋಗ್ತೀರಾ?"

ಅಂಗಡಿಯವನು ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡ. ಅವಳಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರೆ. ಇವನಿಗೆ ಕುಣಿಯಲು ಚೆನ್ನಾಗಿಯೇ ಬರುತ್ತದೆ, ಆದರೂ ಏಳು ನೆಲ ಡೊಂಕಾದವಲ್ಲ!

ಅಂಗಡಿಯವನು ಏಣಿ ಹತ್ತಿ ಮೇಲಿನ ಕಪಾಟಿನಿಂದ ಒಂದು ಬೂದು ಬ್ಯಾಗು ಇಳಿಸಿದ. "ಇದೊಂದು ನೋಡಿಬಿಡಿ. ಬೆನ್ನಿಗೇ ಹಾಕೋದು. ಆದ್ರೆ ಒಂದು ಪಟ್ಟಿ ಬಿಟ್ಟು ಹೀಗೆ ಮುಂದಕ್ಕೆ ತಿರುಗಿಸಿದ್ರೆ ಪಕ್ಕದಲ್ಲಿ ಬಾಯಿ ಬಿಚ್ಚುತ್ತೆ. ಇಳಿಸೋದೇ ಬೇಡ."

ಅವಳೇ ಎದ್ದು, ಒಳಗಿನ ಸ್ಪಂಜಿನ ಅಡ್ಡಗಳನ್ನು ಕಿತ್ತು ಬೇರೆ ಕಡೆ ಅಂಟಿಸಿ, ಐದು ಲೆನ್ಸುಗಳನ್ನೂ ಒಂದೊಂದಾಗಿ ಕೂರಿಸಿದಳು. ಜಿಪ್ಪು ಸರ್ರನೆ ಮುಚ್ಚಿಕೊಂಡಿತು. ಅವಳು ತಲೆಯೆತ್ತಿದಾಗ ಗಂಡನ ಮುಖ ಅರಳಿರಲಿಲ್ಲ, ಇನ್ನಷ್ಟು ಇಳಿದುಹೋಗಿತ್ತು.

"ಬೀದೀಲಿ ಒಂದು ಸಲ ಹಾಕ್ಕೊಂಡು ನೋಡಿ, ಸಾರ್," ಎಂದ ಅಂಗಡಿಯವನು.

ಗಂಡ ಅದನ್ನು ಬೆನ್ನಿಗೇರಿಸಿ ಬೀದಿಗಿಳಿದ, ಅವಳೂ ಹಿಂದೆಯೇ ಬಂದಳು. ಎದುರು ಕಟ್ಟಡದ ನೆತ್ತಿಯಲ್ಲಿ ಒಬ್ಬ ಪೇಂಟರು ಹಗ್ಗದ ಮೇಲೆ ಕೂತು ದೊಡ್ಡ ಅಕ್ಷರ ಬರೆಯುತ್ತಿದ್ದ. ಇಳಿಬಿಸಿಲು ಅವನ ಬೆನ್ನ ಮೇಲೆ ಬಿದ್ದಿತ್ತು. ಗಂಡ ಕೊರಳಲ್ಲಿದ್ದ ಕ್ಯಾಮೆರಾ ಎತ್ತಿ ಕಣ್ಣಿಗೆ ಒತ್ತಿದ. ಎಡಗೈ ತಾನಾಗಿ ಹಿಂದಕ್ಕೆ ಚಾಚಿತು. ಎರಡು ಬೆರಳು ಮಡಿಸಿದ್ದವು.

ಅವಳ ಕೈಗಳೂ ಎದ್ದವು. ಲೆನ್ಸುಗಳೆಲ್ಲ ಬ್ಯಾಗಿನಲ್ಲಿದ್ದವು, ಅವಳ ಬಳಿ ಇದ್ದುದು ಬರೀ ಟವೆಲು. ಬ್ಯಾಗಿನ ಜಿಪ್ಪು ಅವಳಿಗೆ ಒಂದು ಗೇಣು ದೂರದಲ್ಲಿತ್ತು. ಎಳೆದು ತೆಗೆದುಕೊಟ್ಟರೆ ಮುಗಿಯಿತು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಚಾಚಿದ ಬೆರಳುಗಳು ಎರಡು ಸಲ ಅವಸರ ಮಾಡಿದವು. "ಏನೇ!"

"ನಿಮ್ಮ ಬೆನ್ನ ಮೇಲಿದೆ ರೀ."

ಅವನು ಒಂದು ಪಟ್ಟಿಯ ಬದಲು ಇನ್ನೊಂದನ್ನು ಬಿಟ್ಟ. ಬ್ಯಾಗು ಜೋಲಿ ಹೊಡೆದು ಮೊಣಕಾಲಿಗೆ ಬಡಿಯಿತು. ತಡಕಾಡಿ ತೆಗೆದದ್ದು ಅಗಲದ ಲೆನ್ಸು. ಅದರ ಮುಚ್ಚಳ ಜಾರಿ ಚರಂಡಿಯ ಅಂಚಿಗೆ ಉರುಳಿತು. ಅದನ್ನು ಹೆಕ್ಕಿ ನೆಟ್ಟಗಾಗುವ ಹೊತ್ತಿಗೆ ಪೇಂಟರು ಕೆಳಗಿಳಿದು ನೀರು ಕುಡಿಯುತ್ತಿದ್ದ.

"ಆಗಲ್ಲ ಇದೆಲ್ಲ," ಎಂದ ಗಂಡ, ಏದುಸಿರು ಬಿಡುತ್ತ. "ಬರೆದು ಹಾಕ್ತೀನಿ ಅವರಿಗೆ. ಇಬ್ಬರಿಗೆ ವ್ಯವಸ್ಥೆ ಮಾಡಿದ್ರೆ ಬರ್ತೀವಿ, ಇಲ್ಲಾಂದ್ರೆ ಇಲ್ಲ."

"ಇಬ್ಬರಿಗೆ ಮಾಡಿದ್ರೂ ನಾನು ಬರಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಅಚ್ಚರಿಯಾಯಿತು.

"ಯಾಕೆ? ಏನಾಯ್ತು ನಿನಗೆ?"

"ಏನೂ ಆಗಿಲ್ಲ. ಎಷ್ಟು ಮದುವೆಗೆ ಹೋಗಿದ್ದೀವಿ ನಾವು? ಸಾವಿರ ಆಗಿರುತ್ತಾ? ನಾನು ಒಂದು ಮದುವೇನೂ ನೋಡಿಲ್ಲ ರೀ. ನಿಮ್ಮ ಎಡಗೈ ನೋಡ್ಕೊಂಡು ನಿಂತಿದ್ದೆ." ಅವಳು ಟವೆಲನ್ನು ಮಡಿಸಿದಳು, ಬಿಚ್ಚಿ ಮತ್ತೆ ಮಡಿಸಿದಳು. "ನನ್ನ ತಂಗಿ ಮದುವೇಲೂ ಅಷ್ಟೇ. ಅವಳು ಅತ್ತಿದ್ದು ನನಗೆ ಗೊತ್ತಾಗಿದ್ದು, ನೀವು ಫೋಟೋ ತೊಳೆದ ಮೇಲೆ."

"ಹೇಳಬೇಕಿತ್ತು."

"ಯಾವಾಗ? ಉದ್ದದ್ದು ಕೊಡೋವಾಗ್ಲೋ, ಅಗಲದ್ದು ಕೊಡೋವಾಗ್ಲೋ?"

ಅವನ ಕಿವಿ ಕೆಂಪಾಯಿತು. "ಅಂದ್ರೆ ನಿನ್ನನ್ನ ಕೂಲಿಯವಳ ಥರ ನಡೆಸ್ಕೊಂಡೆ ಅಂತೀಯಾ?"

"ಹಾಗಂದ್ನಾ ನಾನು? ನೀವು ಹೋಗಿ ಬನ್ನಿ ಅಂದೆ. ಸೇತುವೆಗಳನ್ನ ತೆಗೀರಿ. ಆ ಹಳೇ ಸೇತುವೆ ಚಿತ್ರ ತೆಗೆದ ದಿನ ನಾನು ಜೊತೆಗಿರಲಿಲ್ಲ, ನೆನಪಿದೆಯಾ? ನಂಗೆ ಜ್ವರ."

ನೆನಪಿತ್ತು ಎಂದು ಅವನ ಮುಖವೇ ಹೇಳಿತು. ಆದರೆ ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಏನೋ ಗೊಣಗುತ್ತ ಒಳಗೆ ಹೋದ. ಅವಳು ಬೀದಿಯಲ್ಲೇ ನಿಂತಳು. ಹೇಳಿದ್ದು ಹೆಚ್ಚಾಯಿತೇನೋ ಎನ್ನಿಸಿತು. ಇಷ್ಟಕ್ಕೆ ಇಪ್ಪತ್ತಾರು ವರ್ಷ ಬೇಕಾಯಿತಲ್ಲ ಎಂದು ಸಿಟ್ಟೂ ಬಂತು. ಕಡೆಗೆ ಒಳಗಿನಿಂದ ಗಂಡನ ಗಡಸು ದನಿ ಕೇಳಿಸಿತು: "ಆ ಪಟ್ಟಿ ಇನ್ನೊಂದು ಸಲ ತೋರಿಸ್ರೀ. ಎಡದ್ದು ಬಿಡೋದೋ ಬಲದ್ದೋ?"

ಮನೆಯ ದಾರಿಯುದ್ದಕ್ಕೂ ಅವನು ಬೂದು ಬ್ಯಾಗು ಹೊತ್ತು ಬಿರಬಿರನೆ ಮುಂದೆ ಹೋಗುತ್ತಿದ್ದ. ಹತ್ತು ಹೆಜ್ಜೆಗೊಮ್ಮೆ ನಿಂತು, ಪಟ್ಟಿ ಬಿಟ್ಟು, ಬ್ಯಾಗು ತಿರುಗಿಸಿ, ಜಿಪ್ಪು ಎಳೆದು, ಕೈಯಿಟ್ಟು, ಬೈದುಕೊಂಡು, ಮತ್ತೆ ಬೆನ್ನಿಗೇರಿಸುತ್ತಿದ್ದ. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ಹೋಗುತ್ತಿದ್ದರು.

ಬಟ್ಟೆ ಅಂಗಡಿಯ ದೊಡ್ಡ ಗಾಜಿನ ಮುಂದೆ ಅವಳು ನಿಂತಳು. ಗಾಜಿನಲ್ಲಿದ್ದ ಹೆಂಗಸು ಒಂದು ಕಡೆಗೆ ವಾಲಿದ್ದಳು. ಎಡ ಹೆಗಲು ಮೇಲೆದ್ದಿತ್ತು, ಏನೋ ಜಾರಿ ಬೀಳುವುದನ್ನು ತಡೆದು ಹಿಡಿದಂತೆ. ಅವಳು ಹೆಗಲನ್ನು ಇಳಿಸಿದಳು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಅದು ಮತ್ತೆ ಮೇಲೇರಿತ್ತು. ಅವಳು ನಿಂತು, ಮತ್ತೊಮ್ಮೆ ಇಳಿಸಿದಳು.