ಕೋಟು ಇನ್ನೂ ಒಣಗಿಲ್ಲ

“ಕಣ್ಣೇನ್ ಕುಂಡಿಲಿಟ್ಕಂಡಿದ್ಯೇನೇ, ಬೇವರ್ಸಿ? ನೀನಿದ್ದಂಗೇ ತಿಂದಾಕವಲ್ಲ.”

ದನದ ಫಾರಮ್ಮಿನ ಒಡೆಯ ವಿಟ್ಲೋ ಸಾಹೇಬ ಬೂಟಿನಿಂದ ಕರುವಿನ ಹೆಣವನ್ನು ಹೊರಳಿಸಿದ. ಅದು ಹುಟ್ಟಿ ಅರ್ಧ ಗಂಟೆಯೂ ಆಗಿರಲಿಲ್ಲ. ಕಪ್ಪು ರಣಹದ್ದುಗಳು ಕಣ್ಣು, ನಾಲಿಗೆ ಕಿತ್ತಿದ್ದವು.

“ಆ ತುದೀಲಿ ಇನ್ನೊಂದು ಹಸ ಈಯ್ತಿತ್ತು, ಪತ್ರೋನ್,” ಎಂದಳು ಗಡಿಯಾಚೆಯಿಂದ ಕೂಲಿಗೆ ಬಂದ ಒರ್ತೆನ್ಸಿಯಾ; ಧಣಿಗೆ ಅವಳ ನಾಡಿನ ಮಾತಲ್ಲಿ ಪತ್ರೋನ್. ಅವಳ ಕೈ ಮೊಣಕೈವರೆಗೂ ಲೋಳೆಯಾಗಿತ್ತು. “ಸರ್ಕಾರಕ್ಕೊಂದ್ ಅರ್ಜಿ ಹಾಕಿ ಅಂದಿದ್ದೆ. ಒಪ್ಗೆ ತಗಂಡು ಒಂದ್ ಹದ್ದ ಹೊಡ್ದು ತಲೆಕೆಳಗಾಗಿ ಕಟ್ಟುದ್ರೆ ಮಿಕ್ಕವು ಬರಾಕಿಲ್ಲ. ಪಕ್ಕದೋರು ಹಂಗೇ ಮಾಡವ್ರೆ. ನೇತಾಡೋದು ತಮ್ ಜಾತಿದಾದ್ರೆ ಮಾತ್ರ ಅವು ಹೆದ್ರೋದು.”

“ಅರ್ಜಿಗೆಲ್ಲ ನಂಗೆ ಪುರುಸೊತ್ತಿಲ್ಲ. ಕೊಟ್ಟಿಗೇಲಿ ಬಂದೂಕದೆ, ನೀನೇ ಹೊಡಿ. ಯಾರಾರ ಕೇಳುದ್ರೆ ನಂಗೊತ್ತಿಲ್ಲ ಅಂತೀನಿ. ಮೂವತ್ತೊಂದನೇ ನಂಬರಿಂದು ಇವತ್ತೇ ಈಯುತ್ತೆ. ಆ ಕರಾನೂ ಹೋದ್ರೆ ನಾಳೆ ಆ ತಗಡಿನ್ ಮನೆ ಖಾಲಿ ಮಾಡು.”

ಕೋಟಿನ ಅಂಚಿಗೆ ರಕ್ತ ಹತ್ತಿದ್ದು ಆಗ ಅವನಿಗೆ ಕಂಡಿತು. ಭಾನುವಾರದ ಚರ್ಚಿಗೆಂದು ತೊಟ್ಟ, ಮೊಣಕಾಲು ದಾಟುವ ಕರಿ ಕೋಟು. ಬಿಚ್ಚಿ ಅವಳ ಮುಖಕ್ಕೆಸೆದ.

“ನಾನ್ ಬರೋದ್ರೊಳ್ಗೆ ತೊಳ್ದು ಒಣಗ್ಸಿರು.”

ಸಾಹೇಬನ ಟ್ರಕ್ಕು ಹೋದ ಮೇಲೆ ಅವಳ ಮೈದುನ ನಿಕಾನೋರ್ ಹುಲ್ಲಿನ ಬಣವೆಯ ಹಿಂದಿನಿಂದ ಎದ್ದ.

“ಹೊಡಿಬ್ಯಾಡ, ಅತ್ಗೆ. ಈ ಕೆಂಟಕೀಲಿ ಹದ್ದಿನ್ ಕಡೆ ಕಾನೂನದೆ, ಕಾಗ್ದ ಅದೆ. ನಮ್ಗೆಲ್ಲದೆ? ಹೊಡುದ್ರೆ ಅದು ಸತ್ತಾದ್ರೂ ಇಲ್ಲೇ ಇರ್ತದೆ. ನಾವು ಗಡಿಯಾಚೆ.”

“ಅದ್ಕೇ ಹುಲ್ಲಿನ್ ಹಿಂದೆ ಅವಿತ್ಕಂಡಿದ್ಯಾ?”

“ಬೈಗುಳ ದೊಡ್ಡೋರಿಗೆ ಮೊದ್ಲು. ನಾನು ಚಿಕ್ಕೋನು.”

ಅವಳು ತೊಟ್ಟಿಯ ನೀರಿನಲ್ಲಿ ಕೋಟನ್ನು ಜಾಲಿಸಿ ಹಿಂಡುವಷ್ಟರಲ್ಲಿ ಮೂವತ್ತೊಂದನೇ ಹಸು ಕೆಸರಲ್ಲಿ ಮಲಗಿತು. ಬೇಲಿಗೂಟಗಳ ಮೇಲೆ ಏಳು ಹದ್ದು, ಪಂಕ್ತಿಗೆ ಎಲೆ ಹಾಕುವುದನ್ನು ಕಾಯುವವರ ಹಾಗೆ. ಕರುವಿನ ಗೊರಸು ಕಂಡಿತು. ಒಂದು ಹದ್ದು ಕೆಳಕ್ಕೆ ಹಾರಿತು. ನಿಕಾನೋರ್ ಮಣ್ಣಹೆಂಟೆ ಎಸೆದ. ಅದು ಮೂರು ಮಾರು ಹಿಂದಕ್ಕೆ ಕುಪ್ಪಳಿಸಿ, ಮತ್ತೆ ನಾಲ್ಕು ಮಾರು ಮುಂದೆ ಬಂತು.

ಒರ್ತೆನ್ಸಿಯಾ ಕೈಯಲ್ಲಿದ್ದ ಕೋಟನ್ನು ನೋಡಿದಳು.

“ಏಣಿ ತತ್ತಾ.”

“ಯಾಕೆ?”

“ಒಣಗ್ಸು ಅಂದವ್ರಲ್ಲ.”

ಕೋಟಿನ ಅಂಚನ್ನು ಗಂಟು ಹಾಕಿ ಬೇಲಿ ಮೂಲೆಯ ಎತ್ತರದ ಕಂಬದ ತುದಿಗೆ ಬಿಗಿದಳು. ಕಾಲರು ಕೆಳಗಾಯಿತು. ತೋಳುಗಳು ಗಾಳಿಗೆ ಅಗಲವಾಗಿ ಬಿಚ್ಚಿಕೊಂಡು ಜೋತುಬಿದ್ದವು. ನಿಕಾನೋರ್ ಶಿಲುಬೆ ಗುರುತು ಹಾಕಿಕೊಂಡ.

“ಕತ್ತು ಒಂಚೂರು ವಾರೆ ಮಾಡು, ಅತ್ಗೆ. ಹಾಂ. ಈಗ ಥೇಟ್ ಪತ್ರೋನೇ.”

ಹದ್ದುಗಳು ಕತ್ತು ಚಾಚಿ ನೋಡಿದವು. ಒಂದು ಎದ್ದು ಹಾರಿಹೋಯಿತು. ಆಮೇಲೆ ಉಳಿದ ಆರೂ.

ಟ್ರಕ್ಕು ವಾಪಸು ಬಂದಾಗ ಕರು ನಡುಗುವ ಕಾಲ ಮೇಲೆ ನಿಂತು ಮೊಲೆ ಚೀಪುತ್ತಿತ್ತು. ವಿಟ್ಲೋ ಬರೀ ಅಂಗಿಯಲ್ಲಿ ಕಂಬದ ಕೆಳಗೆ ನಿಂತು ಮೇಲೆ ನೋಡಿದ.

“ಇಳ್ಸೇ ಅದನ್ನ.”

“ಇನ್ನೂ ಒಣಗಿಲ್ಲ, ಪತ್ರೋನ್. ಇನ್ನೂ ಹನ್ನೊಂದು ಹಸ ಈಯೋದದೆ.”

ಅವನು ಏಣಿಗಾಗಿ ಸುತ್ತ ನೋಡಿದ. ಏಣಿ ನೆಲದ ಮೇಲಿತ್ತು. ಅದರ ಮೇಲೆ ನಿಕಾನೋರ್ ಕೂತು ರೊಟ್ಟಿಯ ಗಂಟು ಬಿಚ್ಚುತ್ತಿದ್ದ. ಏಳಲಿಲ್ಲ.