ಎರಡು ಬ್ಯಾಂಡುಗಳ ನಡುವೆ ನನ್ನ ಮೈದುನ

ನನ್ನ ಡ್ರೈವಿಂಗ್ ಶಾಲೆಯ ಕಾರಿಗೆ ರೇಡಿಯೋ ಜೋಡಿಸಿದವನು ನನ್ನ ಮೈದುನ. ನನ್ನನ್ನು ಕೇಳಿ ಜೋಡಿಸಿದನೇ ಎಂದರೆ, ಕೇಳಿದ. ಆದರೆ ಕೇಳುವ ಹೊತ್ತಿಗಾಗಲೇ ಕಾರಿನ ನೆತ್ತಿಯ ಮೇಲೆ ಆಂಟೆನಾ ನಿಂತಿತ್ತು. ಕಲಿಯಲು ಬರುವವರು ಮೊದಲೇ ಹೆದರಿ ನಡುಗುತ್ತಿರುತ್ತಾರೆ, ಇದನ್ನು ನೋಡಿ ಪೊಲೀಸ್ ಗಾಡಿಯೇ ಮೇಡಂ ಎಂದು ಕೇಳುತ್ತಾರೆ. ಹೌದು, ಕ್ಲಚ್ಚನ್ನು ಧಡಕ್ಕನೆ ಬಿಟ್ಟವರನ್ನು ಒಳಗೆ ಹಾಕುತ್ತೇನೆ ಎನ್ನುತ್ತೇನೆ. ಅಷ್ಟಕ್ಕೇ ಕೆಲವರ ಕ್ಲಚ್ ಸರಿಹೋಗಿದೆ.

ಮೈದುನನದು ಲಿಫ್ಟ್ ರಿಪೇರಿಯ ಕೆಲಸ, ಹುಚ್ಚು ಹ್ಯಾಮ್ ರೇಡಿಯೋದ್ದು. ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಬೇಕು. ಪಾಸಾದವರಿಗೆ ಅಕ್ಷರ, ಅಂಕಿ ಸೇರಿಸಿದ ಒಂದು ಕರೆಗುರುತು ಸಿಗುತ್ತದೆ. ಗಾಳಿಯಲ್ಲಿ ಅದೇ ಅವರ ಹೆಸರು. ಮಾತು ಮುಗಿಸುವಾಗ ಅದನ್ನು ಹೇಳದೆ ಹೋಗುವಂತಿಲ್ಲ. ನನ್ನ ಮೈದುನ ಕರೆಗುರುತು ಪಡೆದು ವರ್ಷಗಳಾಗಿದ್ದರೂ ಒಂದು ಸಲವೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವನಿಗೆ ಉಗ್ಗು.

ಮಿಕ್ಕ ಮಾತಿನಲ್ಲಿ ಅವನು ಹೇಗೋ ನುಸುಳಿಕೊಳ್ಳುತ್ತಾನೆ. ಒಂದು ಪದ ಗಂಟಲಲ್ಲಿ ಸಿಕ್ಕಿಕೊಂಡರೆ ಪಕ್ಕದ ಪದ ಹಿಡಿದು ದಾಟಿಬಿಡುತ್ತಾನೆ. ಮಂಗಳವಾರ ಎನ್ನಲಾಗದಿದ್ದರೆ ನಾಡಿದ್ದು ಎನ್ನುತ್ತಾನೆ, ನಾಡಿದ್ದು ಗುರುವಾರವಾಗಿದ್ದರೂ ಸರಿಯೇ. ಇದರಿಂದ ಮನೆಯಲ್ಲಿ ಎಷ್ಟು ಫಜೀತಿಯಾಗಿದೆ ಎಂದು ಹೇಳಹೊರಟರೆ ಅದೇ ಒಂದು ಪುರಾಣವಾದೀತು. ಆದರೆ ಕರೆಗುರುತಿಗೆ ಪಕ್ಕದ ಪದವಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಬೇಕು, ಅದೂ ಊರಿನ ಹ್ಯಾಮುಗಳೆಲ್ಲ ಕಿವಿಗೊಟ್ಟು ಕೂತಿರುವಾಗ.

ಹಾಗಾಗಿ ಅವನು ಅಕ್ಷರಗಳನ್ನು ಬೆರಳಿನಿಂದ ತಟ್ಟಿ ಕಳಿಸುವ ಮೋರ್ಸ್ ಸಂಕೇತ ಹಿಡಿದ. ಬೆರಳಿಗೆ ಉಗ್ಗಿಲ್ಲವಲ್ಲ. ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ಗುಡ್ಡದಾಚೆಯ ಊರಿನ ಒಬ್ಬಳ ಜೊತೆ ಅವನ ಟಕಟಕ ನಡೆಯುತ್ತದೆ. ಅವಳು ಅಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾಳೆ. ಮೋರ್ಸಿನಲ್ಲಿ ಚುಕ್ಕಿ ಯಾವುದು, ಗೆರೆ ಯಾವುದು ಎಂದು ನನಗೆ ತಿಳಿಯದು, ಆದರೂ ಅವಳಿಗೆ ಚುಕ್ಕಿ ಎಂದು ಹೆಸರಿಟ್ಟವಳು ನಾನೇ. ಆ ಟಕಟಕ ಮುಗಿಸಿ ತಿಂಡಿಗೆ ಕೂತಾಗ ಅವನ ಮುಖ ನೋಡಬೇಕು. ಹಿಟ್ಟು ಹಳಸಿದ್ದರೂ ರುಚಿಯಾಗಿದೆ ಅತ್ತಿಗೆ ಎನ್ನುತ್ತಾನೆ.

ಧ್ವನಿಯಲ್ಲಿ ಬನ್ನಿ, ಮಾತಾಡೋಣ ಎಂದು ಚುಕ್ಕಿ ಎಷ್ಟೋ ಸಲ ಕರೆದಳಂತೆ. ಮೈಕು ಕೆಟ್ಟಿದೆ ಎಂದು ಇವನು ಟಕಟಕಿಸಿದ. ಆಮೇಲೂ ಕೆಟ್ಟಿದೆ ಎಂದ. ಊರಿನ ಲಿಫ್ಟುಗಳನ್ನೆಲ್ಲ ಬಡಿದೆಬ್ಬಿಸುವ ಮನುಷ್ಯನಿಗೆ ತನ್ನ ಮೈಕು ಮಾತ್ರ ರಿಪೇರಿಗೆ ಬಗ್ಗಲಿಲ್ಲ ಎಂದರೆ ಯಾವ ಹುಡುಗಿ ನಂಬುತ್ತಾಳೆ? ನಿಜ ಹೇಳಿಬಿಡೋ ಎಂದು ನಾನು ಬೈದು ಬೈದು ಸೋತೆ.

ಅಷ್ಟರಲ್ಲಿ ಗುಡ್ಡದ ಓಟ ಬಂತು. ಈಚೆ ಬದಿಯ ಶಾಲೆಯ ಮೈದಾನದಿಂದ ಹೊರಟು, ಗುಡ್ಡ ಹತ್ತಿ, ಆಚೆಯ ಕಣಿವೆಗಿಳಿದು, ಮತ್ತೆ ಹತ್ತಿಳಿದು ಮೈದಾನಕ್ಕೆ ಬರಬೇಕು. ಇಂಥ ಓಟಕ್ಕೆ ದುಡ್ಡು ಕೊಟ್ಟು ಹೆಸರು ಬರೆಸುತ್ತಾರೆ ಎಂದರೆ ಜನಕ್ಕೆ ಏನಾಗಿದೆಯೋ. ಕಣಿವೆಯಲ್ಲಿ ಫೋನು ಸಿಗುವುದಿಲ್ಲ. ಅಲ್ಲಿಯ ಸುದ್ದಿಯನ್ನು ಮೈದಾನದ ಡೇರೆಗೆ ಮುಟ್ಟಿಸುವ ಹೊಣೆಯನ್ನು ಹ್ಯಾಮ್ ಕ್ಲಬ್ಬು ಹೊತ್ತುಕೊಂಡಿತು. ಡೇರೆಯಲ್ಲಿ ಕ್ಲಬ್ಬಿನ ಅಧ್ಯಕ್ಷರು ಕೂರುತ್ತಾರೆ, ಕಣಿವೆಯ ನೀರಿನ ಮೇಜಿನ ಬಳಿ ಚುಕ್ಕಿ ನಿಲ್ಲುತ್ತಾಳೆ ಎಂದಾಯಿತು.

ಅವತ್ತು ಚುಕ್ಕಿಯ ಕೈಯಲ್ಲಿರುವುದು ಮನೆಯ ದೊಡ್ಡ ರೇಡಿಯೋ ಅಲ್ಲ, ಪುಟ್ಟ ಸೆಟ್ಟು, ಅದರ ದನಿ ಗುಡ್ಡ ದಾಟುವುದಿಲ್ಲ. ಅದಕ್ಕೇ ನನ್ನ ಕಾರು. ಗುಡ್ಡದ ನೆತ್ತಿಯಲ್ಲಿ ಕಾರು ನಿಲ್ಲಿಸಿ, ಅದರ ರೇಡಿಯೋವನ್ನು ಕ್ರಾಸ್‌ಬ್ಯಾಂಡ್ ಎಂಬ ಏರ್ಪಾಟಿಗೆ ಹಾಕಿದರೆ, ಕಣಿವೆಯ ಮಾತನ್ನು ಒಂದು ಬ್ಯಾಂಡಿನಲ್ಲಿ, ಅಂದರೆ ಒಂದು ತರಂಗಪಟ್ಟಿಯಲ್ಲಿ, ಕೇಳಿಸಿಕೊಂಡು ಅದೇ ಕ್ಷಣ ಇನ್ನೊಂದು ಬ್ಯಾಂಡಿನಲ್ಲಿ ಜೋರಾಗಿ ಡೇರೆಗೆ ದಾಟಿಸುತ್ತದೆ. ಡೇರೆಯದನ್ನು ಕಣಿವೆಗೂ ಹಾಗೆಯೇ. ನಡುವೆ ಕೂತವನು ತುಟಿ ಪಿಟಿಕ್ಕೆನ್ನಬೇಕಿಲ್ಲ. ಆ ಕೆಲಸವನ್ನು ಮೈದುನ ಕೇಳಿ ಪಡೆದ ಎಂದು ಬೇರೆ ಹೇಳಬೇಕೇ? ಕಾರು ನನ್ನದಾದ್ದರಿಂದ ನಾನೂ ಹೋದೆ. ನನಗೆ ಪರವಾನಗಿ ಇಲ್ಲ, ರೇಡಿಯೋದಲ್ಲಿ ಒಂದಕ್ಷರ ಆಡುವಂತಿಲ್ಲ. ನನ್ನಂಥವಳಿಗೆ ಅದೊಂದು ಶಿಕ್ಷೆ.

ನೆತ್ತಿಯಲ್ಲಿ ಗಾಳಿ ಬೀಸುತ್ತಿತ್ತು. ಮೈದುನ ರೇಡಿಯೋದ ಒಂದು ಗುಂಡಿಯನ್ನು ಒತ್ತಿ ಹಿಡಿದ. ಕ್ರಾಸ್‌ಬ್ಯಾಂಡ್ ಶುರುವಾಯಿತೆಂದು ಕೆಂಪು ದೀಪವೊಂದು ಮಿಣುಕತೊಡಗಿತು. ಸ್ವಲ್ಪ ಹೊತ್ತಿಗೆ ಚುಕ್ಕಿಯ ದನಿ ಬಂತು. ಮೇಜು ಹಾಕಿಯಾಯಿತು, ನೀರು ಬಂದಿದೆ, ಲೋಟ ಸಾಲದು ಎಂದಳು. ಇಷ್ಟೇ. ಮೈದುನ ಮಾತ್ರ ಲೋಟದ ಲೆಕ್ಕವನ್ನು ಸಂಗೀತ ಕೇಳುವವನ ಹಾಗೆ ಕಣ್ಣು ಮುಚ್ಚಿ ಕೇಳಿದ. ಅವಳ ದನಿ ಅವನಿಗೆ ಅದೇ ಮೊದಲು. ನನಗೆ ನಗು ಬಂತು, ಹಿಂದೆಯೇ ಪಾಪ ಅನಿಸಿತು.

ಇವತ್ತು ಅವಳು ಇಷ್ಟು ಹತ್ತಿರ ಇದ್ದಾಳೆ, ಇಳಿದುಹೋಗಿ ಮಾತಾಡಿಸು ಎಂದೆ. ಅವನು ತಲೆಯಲ್ಲಾಡಿಸಿದ. ಕಾಲೇಜಿನಲ್ಲಿದ್ದಾಗ ಒಬ್ಬಳಿಗೆ ಫೋನು ಮಾಡಿದ್ದನಂತೆ. ಹಲೋ ಎನ್ನಲಾಗದೆ ಒದ್ದಾಡುತ್ತಿದ್ದರೆ, ಯಾವನೋ ಪೋಲಿ ಎಂದುಕೊಂಡು ಅವಳು ಬೈದು ಫೋನಿಟ್ಟಳಂತೆ. ಇದನ್ನು ಹೇಳಿ ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನಡುನಡುವೆ ನಾನೇ ಪದ ಕೊಟ್ಟು ಮುಂದೆ ತಳ್ಳಿದೆ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಮಾಡುವುದು.

"ಇವಳಿಗೂ ಗೊತ್ತಾದ್ರೆ ಬೆಳಗ್ಗಿನದೂ ನಿ... ನಿಂತುಹೋಗುತ್ತೆ ಅತ್ತಿಗೆ," ಎಂದ. "ನಂಗಿರೋದು ಅದೊಂದೇ."

ನಾನು ಕಾರಿನ ಗಾಜು ಒರೆಸತೊಡಗಿದೆ.

ಓಟ ಶುರುವಾಯಿತು. ನಮ್ಮ ಅಧ್ಯಕ್ಷರದು ಪೀಠೋಪಕರಣದ ಅಂಗಡಿ. ಒಂದು ಕುರ್ಚಿ ಕೇಳಲು ಹೋದವರಿಗೆ ಇಡೀ ಊಟದ ಮೇಜು ಹೊರಿಸಿ ಕಳಿಸುವ ನಾಲಗೆ ಅವರದು. ಅಂಥವರ ಕೈಗೆ ಮೈಕು ಸಿಕ್ಕಿದರೆ ಕೇಳಬೇಕೇ? ಅದು ಸಾಲದೆಂದು ಸುದ್ದಿ ಜನಕ್ಕೂ ಕೇಳಲಿ ಅಂತ ಡೇರೆಯ ರೇಡಿಯೋಗೆ ದೊಡ್ಡ ಧ್ವನಿವರ್ಧಕ ಬೇರೆ ಸಿಕ್ಕಿಸಿದ್ದರು. ಓಟದ ಮಹತ್ವ, ಹವಾಮಾನ, ತಮ್ಮ ಪ್ರಾಯದ ಕಾಲದ ಓಟಗಳು, ಎಲ್ಲವನ್ನೂ ಕಣಿವೆಗೆ ಒಗ್ಗರಣೆ ಹಾಕಿ ಹಾಕಿ ಕಳಿಸಿದರು. ಅವರು ಆಡಿದ ಪ್ರತಿ ಮಾತನ್ನೂ ನಮ್ಮ ಪೆಟ್ಟಿಗೆ ಮತ್ತೊಮ್ಮೆ ಆಡಬೇಕು. ಮೇಲಿಂದ ಬಿಸಿಲು. ನಾನು ಸುಮ್ಮನೆ ಮುಟ್ಟಿ ನೋಡಿದರೆ ಪೆಟ್ಟಿಗೆ ಕಾದ ಕಾವಲಿಯಾಗಿತ್ತು. ಅಧ್ಯಕ್ಷರು ಮೊಣಕಾಲಿನ ಆರೈಕೆಯ ಬಗ್ಗೆ ಹೇಳುತ್ತಿದ್ದಂತೆಯೇ ಅದು ಗಪ್ಪನೆ ಬಾಯಿ ಮುಚ್ಚಿಕೊಂಡಿತು. ನನಗಂತೂ ಅದರ ಮೇಲೆ ಗೌರವ ಹುಟ್ಟಿತು.

ಅತಿಯಾಗಿ ಬಿಸಿಯಾದರೆ ತಾನೇ ನಿಲ್ಲುವಂತೆ ಮಾಡಿರುತ್ತಾರೆ, ತಣ್ಣಗಾಗಲಿ ಎಂದು ಮೈದುನ ಅದನ್ನು ಪೂರ್ತಿ ಆರಿಸಿದ. ಅವನ ಬಳಿ ಎರಡು ಕೈಸೆಟ್ಟುಗಳಿದ್ದವು, ಒಂದು ಕಣಿವೆಯ ಬ್ಯಾಂಡಿಗೆ, ಇನ್ನೊಂದು ಡೇರೆಯ ಬ್ಯಾಂಡಿಗೆ. ನೆತ್ತಿಯ ಮೇಲಿದ್ದ ನಮಗೆ ಎರಡೂ ಕಡೆ ಸಿಗುತ್ತಿತ್ತು. ಅದೇ ಹೊತ್ತಿಗೆ ಚುಕ್ಕಿ ಕರೆದಳು. ದನಿಯಲ್ಲಿ ಆತುರವಿತ್ತು. ಒಬ್ಬ ಓಟಗಾರ ಜಾರಿಬಿದ್ದಿದ್ದಾನೆ, ಕಾಲು ಮುರಿದಿರಬಹುದು, ಗಾಡಿ ಬೇಕು, ಡೇರೆಯವರು ಕೇಳಿಸಿಕೊಳ್ಳುತ್ತಿದ್ದೀರಾ ಎಂದಳು. ಡೇರೆಗೆ ಅದು ಮುಟ್ಟಲೇ ಇಲ್ಲ. ಅವಳು ಮತ್ತೆ ಕರೆದಳು.

ಮೈದುನ ನನ್ನ ಮುಖ ನೋಡಿದ. ನಾನು ಮಾತಾಡುವಂತಿದ್ದರೆ ಅಷ್ಟು ಹೊತ್ತಿಗೆ ಗಾಡಿಯನ್ನು ಅರ್ಧ ದಾರಿ ತರಿಸಿಬಿಡುತ್ತಿದ್ದೆ. ಅವನು ಡೇರೆಯ ಸೆಟ್ಟಿನ ಗುಂಡಿ ಒತ್ತಿದ. ತುಟಿ ಬಿಗಿಯಿತು, ಕತ್ತಿನ ನರ ಉಬ್ಬಿತು, ಸದ್ದು ಹೊರಡಲಿಲ್ಲ. ಇನ್ನೊಂದು ಸೆಟ್ಟನ್ನು ಅವನು ಕಿವಿಗೆ ಒತ್ತಿಕೊಂಡ. ಅದರಲ್ಲಿ ಚುಕ್ಕಿ ಮೂರನೆಯ ಸಲ ಅದನ್ನೇ ಹೇಳತೊಡಗಿದಳು, ಒಬ್ಬರು ಬಿದ್ದಿದ್ದಾರೆ ಎಂದು. ಆಗ ಇವನ ಬಾಯಿಂದಲೂ ಅವಳ ಹಿಂದೆಯೇ ಬಂತು, ಒಬ್ಬರು ಬಿದ್ದಿದ್ದಾರೆ. ಕಾಲು ಮುರಿದಿರಬಹುದು. ಮೇಲಿನ ದಾರಿಯಲ್ಲಿ ಓಟಗಾರರಿದ್ದಾರೆ, ಗಾಡಿ ಕೆರೆ ಪಕ್ಕದ ದಾರಿಯಲ್ಲಿ ಬರಲಿ. ಅವಳು ಒಂದು ಪದ ಮುಂದೆ, ಇವನು ಒಂದು ಪದ ಹಿಂದೆ. ಎಲ್ಲೂ ತಡವರಿಸಲಿಲ್ಲ.

ನಾನು ಬೆಪ್ಪಾಗಿ ನಿಂತೆ. ಇನ್ನೊಬ್ಬರ ಮಾತಿನ ಬೆನ್ನು ಹಿಡಿದು ಹೋದರೆ ಉಗ್ಗುವುದಿಲ್ಲ, ಶಾಲೆಯಲ್ಲೂ ಮಗ್ಗಿಯನ್ನು ಎಲ್ಲರ ಜೊತೆ ಹೇಳುವಾಗ ಕಷ್ಟವಾಗುತ್ತಿರಲಿಲ್ಲ ಎಂದು ಆಮೇಲೆ ಹೇಳಿದ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದು ಗೊತ್ತೇ ಇರಲಿಲ್ಲ. ಅಧ್ಯಕ್ಷರ ಉತ್ತರವನ್ನೂ ಹಾಗೆಯೇ ಬೆನ್ನು ಹಿಡಿದು ಕಣಿವೆಗೆ ದಾಟಿಸಿದ. ಗಾಡಿ ಹೋಯಿತು. ಕಾಲು ಮುರಿದಿಲ್ಲ, ಉಳುಕಿದೆಯಷ್ಟೆ ಎಂದು ಚುಕ್ಕಿ ಹೇಳಿದಳು, ಮೈದುನ ದಾಟಿಸಿದ. ಡೇರೆಯ ಸೆಟ್ಟನ್ನು ಸೀಟಿನ ಮೇಲಿಟ್ಟು, ಕಾರಿಗೆ ಬೆನ್ನು ಮಾಡಿ ಉಸಿರು ಬಿಟ್ಟ. ಕರೆಗುರುತು ಹೇಳುವುದೊಂದು ಬಾಕಿ ಇತ್ತು. ಅವನು ಅದನ್ನು ಬೇಕೆಂದೇ ಮರೆತಂತಿತ್ತು.

ನಾನು ಸುಮ್ಮನಿರಬೇಕಿತ್ತು. ಆದರೆ ಪೆಟ್ಟಿಗೆ ತಣ್ಣಗಾಗಿತ್ತು, ನನ್ನ ಕೈ ಕಡಿಯುತ್ತಿತ್ತು. ಅವನಿಗೆ ಒಂದಿಷ್ಟು ನೆರವಾಗಲಿ ಎಂದು ಅದನ್ನು ಹಾಕಿದೆ, ಬೆಳಗ್ಗೆ ಅವನು ಒತ್ತಿದ ಗುಂಡಿಯನ್ನೇ ಒತ್ತಿ ಹಿಡಿದೆ. ಕೆಂಪು ದೀಪ ಮಿಣುಕಿತು. ಎಷ್ಟು ಜಾಣೆ ನಾನು ಎಂದುಕೊಂಡೆ.

ಅಷ್ಟರಲ್ಲಿ ಅವನ ಕೈಯಲ್ಲಿದ್ದ ಸೆಟ್ಟಿನಲ್ಲಿ ಚುಕ್ಕಿ ಮತ್ತೆ ಬಂದಳು.

"ಈಗ ಮಧ್ಯೆ ಮಾತಾಡಿದ್ದು ನೀವೇ ತಾನೆ? ಅಂತೂ ಮೈಕ್ ಸರಿಹೋಯ್ತಾ?"

ಅವಳ ಸೆಟ್ಟಿನ ದನಿ ಗುಡ್ಡ ದಾಟುವುದಿಲ್ಲ, ತನ್ನದು ಕಣಿವೆಯ ಬ್ಯಾಂಡಿನಲ್ಲಿದೆ, ಕೇಳುವವರು ತಾವಿಬ್ಬರೇ ಎಂದು ಅವನ ಎಣಿಕೆ. ಬೇರೆ ಯಾವ ಸುಳ್ಳಾದರೂ ಅವನಿಗೆ ಸುಲಭವಾಗುತ್ತಿತ್ತು. ಕೊನೆಗೆ ಗುಂಡಿ ಒತ್ತಿದ.

"ಮೈ... ಮೈಕ್ ಕೆಟ್ಟಿರ್ಲಿಲ್ಲ," ಎಂದ. "ನಂಗೆ ಉ... ಉ..."

ಸಿಕ್ಕಿಕೊಂಡಿತು. ಆ ಒಂದು ಪದವೇ ಸಿಕ್ಕಿಕೊಳ್ಳಬೇಕೇ? ಅವನು ಪಕ್ಕದ ಪದ ಹುಡುಕಲಿಲ್ಲ. ಅದನ್ನೇ ಹಿಡಿದು ಜಗ್ಗಿದ, ಬೆವರಿದ, ಉಗ್ಗು ಎಂದು ಪೂರ್ತಿ ಹೇಳಿದ. ಅದಕ್ಕೇ ಸುಳ್ಳು ಹೇಳ್ತಾ ಬಂದೆ ಎಂದೂ ಹೇಳಿದ. ನನ್ನ ಕಣ್ಣು ಮಂಜಾಗುವುದರಲ್ಲಿತ್ತು, ಅಷ್ಟರಲ್ಲಿ ಸೀಟಿನ ಮೇಲಿದ್ದ ಡೇರೆಯ ಸೆಟ್ಟಿನಿಂದಲೂ ಅವನದೇ ದನಿ ಬರುತ್ತಿರುವುದು ತಿಳಿಯಿತು. ಮೊದಲು ಗುಡ್ಡದ ಮಾರ್ದನಿ ಎಂದುಕೊಂಡೆ. ಆಮೇಲೆ ಕೆಂಪು ದೀಪ ನೋಡಿದೆ. ಡೇರೆಯ ಸೆಟ್ಟಿನಲ್ಲಿ ಬರುತ್ತಿದೆ ಎಂದರೆ ಡೇರೆಗೂ ಬರುತ್ತಿದೆ. ಅಧ್ಯಕ್ಷರ ಧ್ವನಿವರ್ಧಕಕ್ಕೂ, ಮೈದಾನದಲ್ಲಿದ್ದ ಅಷ್ಟೂ ಜನಕ್ಕೂ.

ಅವನ ತೋಳು ಹಿಡಿದೆಳೆದು ದೀಪ ತೋರಿಸಿದೆ. ಎಲ್ಲಾ ಡೇರೆಗೆ ಹೋಗ್ತಿದೆ ಕಣೋ, ನಾನೇ ಹಾಕಿಬಿಟ್ಟೆ ಎಂದು ಪಿಸುಗುಟ್ಟಿದೆ. ಅವನ ಮುಖದ ಬಣ್ಣ ಇಳಿದುಹೋಯಿತು. ಆರಿಸಲು ನಾನು ಕೈ ಚಾಚಿದಾಗಲೇ ಚುಕ್ಕಿಯ ಉತ್ತರ ಬಂತು.

"ಅಷ್ಟೇನಾ? ನಾನು ನಿಮಗೆ ಹೆಂಡತಿ ಇದ್ದಾಳೆ ಅಂದ್ಕೊಂಡಿದ್ದೆ. ಇಲ್ಲಿ ಮುಗಿದ ಮೇಲೆ ಗುಡ್ಡ ಹತ್ತಿ ಬರ್ತೀನಿ. ನಿಮ್ಮ ಕಾರಲ್ಲಿ ಒಬ್ಬರಿಗೆ ಜಾಗ ಇದ್ಯಾ?"

ನನ್ನ ಬೆರಳು ಗುಂಡಿಯ ಮೇಲಿತ್ತು. ಇನ್ನೇನು ಒತ್ತಬೇಕು, ಮೈದುನ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದ. ಇರಲಿ ಬಿಡಿ ಎಂಬಂತೆ ತಲೆಯಾಡಿಸಿದ. ಕೆಂಪು ದೀಪವನ್ನು ನೋಡುತ್ತಲೇ ಸೆಟ್ಟನ್ನು ಬಾಯಿಗೆ ಹಿಡಿದ.

"ಇದೆ," ಎಂದ. "ಬನ್ನಿ."

ಆಮೇಲೆ ಕರೆಗುರುತು ಹೇಳಿದ. ಮೊದಲ ಅಕ್ಷರಕ್ಕೇ ಸಿಕ್ಕಿಕೊಂಡ. ಅದು ಬಿಟ್ಟಿತು ಎನ್ನುವಷ್ಟರಲ್ಲಿ ಅಂಕಿ ಹಿಡಿಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ. ಅಷ್ಟು ದೊಡ್ಡ ಮೈದಾನ, ಅಷ್ಟು ಜನ, ಎಲ್ಲರೂ ಅವನ ಒಂದೊಂದು ಅಕ್ಷರಕ್ಕೆ ಕಾಯುತ್ತಿದ್ದಾರೆ ಎಂದು ನೆನೆದು ನನಗೆ ಅಳು ಬಂತು, ತಡೆಯಲಿಲ್ಲ. ಕೊನೆಯ ಅಕ್ಷರ ಹೇಳಿ ಅವನು ಗುಂಡಿ ಬಿಟ್ಟ.

ಡೇರೆಯಿಂದ ಅಧ್ಯಕ್ಷರ ದನಿ ಬಂತು. ಇನ್ನು ಭಾಷಣ ಶುರು ಎಂದು ನಾನು ಹಲ್ಲು ಕಚ್ಚಿದೆ. ಅವರು ಮೈದುನನ ಕರೆಗುರುತನ್ನು ಒಮ್ಮೆ ಹೇಳಿ, ಸ್ಪಷ್ಟವಾಗಿ ಕೇಳಿಸ್ತು ಎಂದರು. ಬೇರೇನೂ ಹೇಳಲಿಲ್ಲ.

ಓಟ ಮುಗಿದ ಮೇಲೆ ಕಣಿವೆಯ ದಾರಿಯಲ್ಲಿ ಅಗಲ ಟೋಪಿ ತೊಟ್ಟ ಹುಡುಗಿಯೊಬ್ಬಳು ಏದುಸಿರು ಬಿಡುತ್ತ ಹತ್ತಿ ಬರುವುದು ಕಂಡಿತು. ಮೈದುನ ಶರ್ಟಿನ ಕಾಲರ್ ಸರಿಮಾಡಿಕೊಂಡ, ತಲೆಗೂದಲು ಸವರಿಕೊಂಡ. ನನ್ನ ಬಳಿ ಬಂದು, ಅತ್ತಿಗೆ, ನೀವು ಹಿ... ಎಂದು ನಿಂತ. ಹಿಂದಿನ ಸೀಟಿಗೆ ಹೋಗಿ ಎನ್ನಲು ಹೊರಟಿದ್ದಾನೆ ಎಂದು ನನಗೆ ತಿಳಿಯಿತು. ಪದ ನನ್ನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವನು ನಿಧಾನವಾಗಿ ಪೂರ್ತಿ ಹೇಳಿದ. ನಾನು ಕಾರಿನ ಕೀಲಿ ಅವನ ಕೈಗಿಟ್ಟು ಹಿಂದೆ ಹೋಗಿ ಕೂತೆ.