ದಿನಕ್ಕೆ ಒಂದೂವರೆ ಜಿಬಿ

ನಾನು ಒಂದು ಸಿಮ್ ಕಾರ್ಡು. ಹೆಬ್ಬೆರಳಿನ ಉಗುರಿನಷ್ಟೇ ಇದ್ದರೂ ಒಂದು ಕಾಲಕ್ಕೆ ನನ್ನ ಗತ್ತು ಬಹಳ ದೊಡ್ಡದಿತ್ತು. ಯಾವುದೋ ದೂರದ ಕಾರ್ಖಾನೆಯಲ್ಲಿ, ಸಾವಿರಾರು ಒಡಹುಟ್ಟಿದವರ ಜೊತೆ, ಪ್ಲಾಸ್ಟಿಕ್ ಹಾಳೆಯ ಮೇಲೆ ನನ್ನ ಹುಟ್ಟು. ಎದೆಯ ಮೇಲೆ ಚಿನ್ನದ ಬಣ್ಣದ ಚಿಪ್ ಕೂರಿಸಿದರು. ಹೊಟ್ಟೆಯೊಳಗೆ ಒಂದು ಗುಟ್ಟಿನ ಸಂಖ್ಯೆ ಬರೆದರು. ಕಂಪನಿ ನನಗೆ ಹೇಳಿಕೊಟ್ಟ ಪಾಠ ಒಂದೇ: ಬಿಡು ಎಂದಾಗ ಬಿಡು, ಸಾಕು ಎಂದಾಗ ನಿಲ್ಲಿಸು.

ಜಮಖಂಡಿಯ ಬಸ್ ನಿಲ್ದಾಣದ ಎದುರು ಬಣ್ಣದ ಕೊಡೆಯ ಕೆಳಗೆ ಕುಳಿತವನೊಬ್ಬ ನನ್ನನ್ನು ಮಾರಿದ. ಕೊಂಡವನು ಚಿದಾನಂದ, ಬನಹಟ್ಟಿಯ ಒಬ್ಬ ಪವರ್‌ಲೂಮ್ ಮಾಲೀಕರ ಮಗ, ಆಗ ಕಾಲೇಜು ಹುಡುಗ. ಹೆಬ್ಬೆರಳು ಒತ್ತಿದ, ನಾನು ಅವನ ಫೋನಿನ ಹೊಟ್ಟೆ ಸೇರಿದೆ. ಫೋನಿಗೆ ಕಣ್ಣು ಕಿವಿ ಇವೆ. ನನಗಿರುವುದು ದಾರಿ ಮಾತ್ರ. ಆದರೆ ಫೋನು ಕಂಡದ್ದು, ಕೇಳಿದ್ದು ಹೊರಗೆ ಹೋಗಬೇಕೆಂದರೆ ನನ್ನ ಮುಂದೆಯೇ ಹಾದುಹೋಗಬೇಕು.

ಅವನದು ದಿನಕ್ಕೆ ಒಂದೂವರೆ ಜಿಬಿಯ ಪ್ಲಾನು. ಕ್ರಿಕೆಟ್ ಇದ್ದ ದಿನ ಮಧ್ಯಾಹ್ನದ ಊಟಕ್ಕೆ ಮೊದಲೇ ಅದನ್ನು ಮುಗಿಸಿಬಿಡುತ್ತಿದ್ದ. ಬೌಲರು ಓಡಿ ಬರುತ್ತಿದ್ದ ಹಾಗೇ ನಾನು ದಾರಿ ಕಿರಿದು ಮಾಡುತ್ತಿದ್ದೆ, ಚೆಂಡು ಗಾಳಿಯಲ್ಲೇ ನಿಲ್ಲುತ್ತಿತ್ತು. ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್ ಕೊಡಲು ಹೋದರೆ ಅದಕ್ಕೂ ಈ ಪ್ಲಾನಿನಲ್ಲಿ ಅವಕಾಶವಿಲ್ಲ ಎನ್ನುತ್ತಿದ್ದೆ. ಅವನು ಬಾಯಿಗೆ ಬಂದದ್ದು ಬೈಯುತ್ತಿದ್ದ. ನನಗೆ ಒಳಗೊಳಗೇ ನಗು. ಸುಳ್ಳು ಹೇಳುವುದೇಕೆ, ಆ ಅಧಿಕಾರ ನನಗೆ ಹಿಡಿಸಿತ್ತು.

ಎರಡು ವರ್ಷ ಕಳೆದು ಚಿದಾನಂದ ಓದು ಮುಗಿಸಿ ಅಪ್ಪನ ಮಗ್ಗದ ಶೆಡ್ಡಿನ ಉಸ್ತುವಾರಿಗೆ ಬಂದ. ಹೊಸ ಫೋನು, ದೊಡ್ಡ ಪ್ಲಾನು ತೆಗೆದುಕೊಂಡ. ಹಳೆಯ ಫೋನನ್ನು ನನ್ನ ಸಮೇತ ಶೆಡ್ಡಿನಲ್ಲಿ ನೇಯುತ್ತಿದ್ದ ಕಸ್ತೂರೆವ್ವನ ಕೈಗೆ ಕೊಟ್ಟ. "ಮಗಳ ಮದವಿ ಆತು, ದೂರ ಹೋದಳು. ಇದರಾಗ ಮಾರಿ ನೋಡಿ ಮಾತಾಡ್ರಿ" ಎಂದ.

ಕಸ್ತೂರೆವ್ವನ ಮಗಳು ಸುವರ್ಣಾ ಹುಟ್ಟಾ ಕಿವುಡಿ. ಶಾಲೆಗೆ ಹೋದದ್ದು ಒಂದೆರಡು ವರ್ಷ, ಅಕ್ಷರ ಹತ್ತಲಿಲ್ಲ. ಬೆಳೆದದ್ದೆಲ್ಲ ಅವ್ವನ ಮಗ್ಗದ ಪಕ್ಕದಲ್ಲಿ. ನಾಲ್ಕು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕಿವಿ ಇದ್ದವರದೂ ಕೈಮಾತೇ. ನೂಲು ಸುತ್ತಿದ ಕಂಡಿಕೆ ತೀರಿದೆ ಎನ್ನಲು ಒಂದು ಸನ್ನೆ, ಮಗ್ಗ ನಿಲ್ಲಿಸು ಎನ್ನಲು ಎತ್ತಿದ ಮುಷ್ಟಿ, ಎಳೆ ಹರಿದಿದೆ ಎನ್ನಲು ಇನ್ನೊಂದು. ಆ ನಾಲ್ಕಾರು ಸನ್ನೆಗಳಿಂದಲೇ ತಾಯಿ ಮಗಳು ಒಂದು ಪೂರ್ತಿ ಭಾಷೆ ಕಟ್ಟಿಕೊಂಡಿದ್ದರು. ಅದನ್ನು ಬಲ್ಲವರು ಇಡೀ ಲೋಕದಲ್ಲಿ ಅವರಿಬ್ಬರೇ. ವಿಜಯಪುರದ ಅಳಿಯ ಈರಣ್ಣ ಈಗೀಗ ಕಲಿಯುತ್ತಿದ್ದ.

ಮೊದಲ ಸಲ ರೀಚಾರ್ಜ್ ಮಾಡಿಸಲು ಹೋದಾಗ ಅಂಗಡಿಯವನು, "ಈ ಪ್ಲಾನ್ ಹಾಕ್ತೀನ್ರಿ ಅವ್ವಾರ. ಡೇಟಾ ಇಲ್ಲ, ಆದ್ರ ತಿಂಗಳ ಪೂರ್ತಿ ಮಾತು ಫ್ರೀ" ಎಂದ.

"ನನ್ನ ಮಗಳು ಮಾತಾಡೂದು ಕೈಲೇರಿ, ತಮ್ಮಾ" ಎಂದಳು ಕಸ್ತೂರೆವ್ವ.

ಅವನಿಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಆಮೇಲೆ ಒಂದೂವರೆ ಜಿಬಿಯದನ್ನೇ ಹಾಕಿಕೊಟ್ಟ.

ಅಂದಿನಿಂದ ನನ್ನ ಮೂಲಕ ಕೈಗಳು ಹಾದುಹೋಗತೊಡಗಿದವು. ಕಸ್ತೂರೆವ್ವ ಬೆಳಿಗ್ಗೆ ಫೋನನ್ನು ಮಗ್ಗದ ಎದುರಿನ ಕಿಟಕಿಯಲ್ಲಿ ನಿಲ್ಲಿಸಿ ವಿಡಿಯೋ ಹಚ್ಚಿಬಿಡುತ್ತಿದ್ದಳು. ಆ ಕಡೆ ಸುವರ್ಣಾ ಕಾಯಿಪಲ್ಯ ಹೆಚ್ಚುತ್ತ, ಅಕ್ಕಿ ಆರಿಸುತ್ತ ಅವ್ವ ನೇಯುವುದನ್ನು ನೋಡುತ್ತಿದ್ದಳು. ಗಂಟೆಗಟ್ಟಲೆ ಒಂದು ಸನ್ನೆಯೂ ಇರುತ್ತಿರಲಿಲ್ಲ. ಹೇಳುವುದೇನೂ ಇಲ್ಲದೆ ಹೀಗೆ ಡೇಟಾ ಸುಡುತ್ತಾರಲ್ಲ ಎಂದು ನನಗೆ ಸಿಡಿಮಿಡಿ. ಅರ್ಧ ಮುಗಿಯಿತು, ಮುಕ್ಕಾಲು ಮುಗಿಯಿತು ಎಂದು ಇಂಗ್ಲಿಷಿನಲ್ಲಿ ಎಚ್ಚರಿಕೆ ತಲುಪಿಸುತ್ತಿದ್ದೆ. ಆಕೆಗೆ ಅದು ಓದಲು ಬರುತ್ತಿರಲಿಲ್ಲ. ಮೂರು ಗಂಟೆಯ ಹೊತ್ತಿಗೆ ಚಿತ್ರ ನಿಂತುಹೋಗುತ್ತದೆ ಎಂಬುದಷ್ಟು ಇಬ್ಬರಿಗೂ ರೂಢಿಯಿಂದ ಗೊತ್ತಾಗಿತ್ತು. ಎರಡೂವರೆಗೇ ಕೈಯೆತ್ತಿ, ನಾಳೆ ಸಿಗೋಣ ಎಂದುಬಿಡುತ್ತಿದ್ದರು.

ಸುವರ್ಣಾ ಬಸುರಿಯಾದಳು. ಎಂಟನೇ ತಿಂಗಳು ನಡೆದಿತ್ತು. ಮುಂದಿನ ಸೋಮವಾರ ಸೀಮಂತದ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ತವರಿಗೆ ಕರೆದುಕೊಂಡು ಬರುವುದೆಂದು ಗೊತ್ತಾಗಿತ್ತು. ಆ ಬುಧವಾರ ಬೆಳಿಗ್ಗೆಯೇ ಕುಬಸದ ಸೀರೆ ಆರಿಸುವ ಕೆಲಸ. ಕಸ್ತೂರೆವ್ವ ಒಂದೊಂದೇ ಸೀರೆ ಬಿಚ್ಚಿ ಸೆರಗು ತೋರಿಸುವಳು, ಮಗಳು ಇದಲ್ಲ, ಅದು ಎನ್ನುವಳು. ಇಬ್ಬರ ಕೈಗಳಿಗೂ ಬಿಡುವಿರಲಿಲ್ಲ. ಮಧ್ಯಾಹ್ನ ಒಂದೂಕಾಲಿಗೆ ಒಂದೂವರೆ ಜಿಬಿ ಮುಗಿಯಿತು. ಕಂಪನಿಯ ಆಜ್ಞೆ ಬಂತು: ಈ ದಿನದ ಮಿತಿ ಮುಗಿದಿದೆ, ವೇಗ ಅರವತ್ತನಾಲ್ಕು ಕೆಬಿಪಿಎಸ್‌ಗೆ ಇಳಿಸಲಾಗಿದೆ. ನಾನು ದಾರಿ ಕಿರಿದು ಮಾಡಿದೆ. ಹಸಿರು ಸೀರೆಯ ಸೆರಗು ಅರ್ಧ ಬಿಚ್ಚಿದಲ್ಲೇ ನಿಂತಿತು.

ಎರಡು ಗಂಟೆಗೆ ಫೋನು ಬಡಿದುಕೊಂಡಿತು. ಬರಿಯ ಕರೆ. ಕರೆಗೆ ಮಿತಿಯಿಲ್ಲ, ತಕ್ಷಣ ಬಿಟ್ಟೆ. ಕಸ್ತೂರೆವ್ವ ಫೋನು ಹಿಡಿದು ಹೊರಗೆ ಓಡಿದಳು. ಆ ಕಡೆ ಸುವರ್ಣಾಳ ಅತ್ತೆ ಗುರುಬಾಯಿ.

"ಕಸ್ತೂರೆವ್ವಾರ, ಸುವರ್ಣಾಗ ಬ್ಯಾನಿ ಬಂದಾವ್ರಿ. ರಕ್ತ ಹೋಗಾಕತ್ತೈತಿ. ದವಾಖಾನಿಗೆ ತಂದೀವಿ. ಈರಣ್ಣ ದ್ರಾಕ್ಷಿ ಲಾರಿ ಮ್ಯಾಲ ಮುಂಬೈಕ ಹೋಗ್ಯಾನ. ಡಾಕ್ಟರ್‌ಬಾಯಾರು ಮಾತಾಡ್ತಾರ, ತಡೀರಿ."

ಡಾಕ್ಟರಮ್ಮನ ದನಿಯಲ್ಲಿ ಗಾಬರಿಯಿರಲಿಲ್ಲ, ಆದರೆ ಅವಸರವಿತ್ತು. "ಅಮ್ಮಾ, ಈಗಿಂದೀಗ ಆಪರೇಷನ್ ಮಾಡಬೇಕ್ರಿ. ಕೂಸಿನ ಎದಿಬಡಿತ ಇಳ್ಯಾಕತ್ತೈತಿ. ಬೆನ್ನಿಗೆ ಸೂಜಿ ಕೊಡಬೇಕು. ಅದಕ್ಕ ಆಕಿ ಬಗ್ಗಿ, ಅಲ್ಲಾಡದಂಗ ಕೂಡಬೇಕು. ಮೈ ಮುಟ್ಟಾಕ ಬಿಡವಲ್ಲಳು. ನರ್ಸ್ ಕೈ ಕಡದಾಳ. ಪೂರ್ತಿ ನಿದ್ದಿ ಬರೂ ಔಷಧ ಕೊಡಬೇಕಂದ್ರ ಈಗಷ್ಟ ಹೊಟ್ಟಿತುಂಬ ಊಟ ಮಾಡ್ಯಾಳ, ಅದರಾಗ ಅಪಾಯ ಜಾಸ್ತಿ."

ಕಸ್ತೂರೆವ್ವನಿಗೆ ಎಲ್ಲ ತಿಳಿಯಿತು. ಆರು ವರ್ಷದವಳಿದ್ದಾಗ ಸುವರ್ಣಾಳ ಕಿವಿ ತೋರಿಸಲು ಆಸ್ಪತ್ರೆಗೆ ಒಯ್ದಿದ್ದರು. ಏನು ಮಾಡುತ್ತೇವೆಂದು ಆ ಮಗುವಿಗೆ ತಿಳಿಸದೆ ನಾಲ್ಕು ಜನ ಅಮುಕಿ ಹಿಡಿದಿದ್ದರು. ಆ ದಿನ ಹೊಕ್ಕ ಹೆದರಿಕೆ ಇನ್ನೂ ಹೋಗಿರಲಿಲ್ಲ.

"ಆಕಿಗೆ ಯಾರೂ ಏನೂ ಹೇಳಿಲ್ರಿ, ಅದಕ್ಕ ಹಂಗ ಮಾಡ್ತಾಳ. ವಿಡಿಯೋ ಹಚ್ಚರಿ. ನನ್ನ ಕೈ ತೋರಸರಿ ಆಕಿಗೆ" ಎಂದಳು ಕಸ್ತೂರೆವ್ವ.

ಹಚ್ಚಿದರು. ಚಿತ್ರ ಬರಲಿಲ್ಲ. ಮತ್ತೆ ಹಚ್ಚಿದರು. ಸುವರ್ಣಾಳ ಮುಖ ಚೂರುಚೂರು ಚೌಕಗಳಾಗಿ ಒಮ್ಮೆ ಮೂಡಿ ಅಲ್ಲೇ ನಿಂತಿತು. ಕಸ್ತೂರೆವ್ವ ಎರಡೂ ಕೈ ಆಡಿಸುತ್ತಲೇ ಇದ್ದಳು. ಆ ಕೈಗಳು ನನ್ನ ಬಾಗಿಲಿಗೆ ಬಂದು ಅಲ್ಲೇ ಬೀಳುತ್ತಿದ್ದವು. ನಾನು ಟವರಿಗೆ ಕೇಳಿದೆ. ಮಿತಿ ಮುಗಿದಿದೆ ಎಂದಿತು. ಮತ್ತೆ ಕೇಳಿದೆ. ಅದೇ ಉತ್ತರ. ಚಿದಾನಂದನಿಗೆ ನಾನು ಎಷ್ಟು ಸಲ ಇದೇ ಉತ್ತರ ಕೊಟ್ಟು ಒಳಗೊಳಗೇ ನಕ್ಕಿದ್ದೆ. ಈಗ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಶೆಡ್ಡಿನಲ್ಲಿ ಆಗ ಇದ್ದವರು ಇನ್ನಿಬ್ಬರು: ಹಿರಿಯ ನೇಕಾರ ದುಂಡಪ್ಪ, ಕಂಡಿಕೆ ಸುತ್ತುವ ತಂಗೆವ್ವ. ದುಂಡಪ್ಪ ನಾಲ್ಕೂ ಮಗ್ಗ ನಿಲ್ಲಿಸಿ ಹೊರಗೆ ಬಂದ. ಅವನದು ಗುಂಡಿ ಒತ್ತುವ ಹಳೆಯ ಫೋನು, ತಂಗೆವ್ವನ ಹತ್ತಿರ ಅದೂ ಇಲ್ಲ. ಊರ ಹೊರಗಿನ ಶೆಡ್ಡದು. ಚಹಾದಂಗಡಿಯವನ ಬಳಿ ದೊಡ್ಡ ಫೋನಿದೆ ಎಂದು ತಂಗೆವ್ವ ಚಪ್ಪಲಿ ಕೂಡ ಮೆಟ್ಟದೆ ಬಿಸಿಲಲ್ಲಿ ಓಡಿದಳು. ದುಂಡಪ್ಪ ಇಚಲಕರಂಜಿಗೆ ನೂಲು ತರಲು ಹೋಗಿದ್ದ ಚಿದಾನಂದನಿಗೆ ಫೋನು ಮಾಡಿದ. ಅವನು ಅಲ್ಲಿಂದಲೇ ನನಗೆ ಹೆಚ್ಚುವರಿ ಡೇಟಾ ಹಾಕಿಸಿದ. ನಾನು ಮೈಯೆಲ್ಲ ಕಿವಿಯಾಗಿ ಕಾದೆ. ಬಂದದ್ದು ಒಂದು ಸಂದೇಶ: ನಿಮ್ಮ ವಿನಂತಿ ಸ್ವೀಕರಿಸಲಾಗಿದೆ, ಎರಡು ಗಂಟೆಯೊಳಗೆ ಸೇವೆ ಆರಂಭವಾಗಲಿದೆ.

ಗುರುಬಾಯಿಯ ಫೋನಿನಲ್ಲಿ ಚಿತ್ರ ನೋಡಬೇಕಿತ್ತು, ಹಾಗಾಗಿ ಡಾಕ್ಟರಮ್ಮ ನಂಬರು ಕೇಳಿಕೊಂಡು ನರ್ಸ್ ಫೋನಿನಿಂದ ದುಂಡಪ್ಪನ ಫೋನಿಗೆ ಮಾತಿಗೆ ಬಂದಿದ್ದರು. "ಭಾಳ ಹೊತ್ತು ಕಾಯಾಕ ಆಗೂದಿಲ್ರಿ" ಎಂದರು.

ಕಸ್ತೂರೆವ್ವ ದುಂಡಪ್ಪನ ಕಡೆ ತಿರುಗಿ ಕೇಳಿದಳು. "ಕಾಕಾ, ವಿಡಿಯೋ ಹೋಗದಿದ್ರ ಬ್ಯಾಡ. ಫೋಟೋ ಹೋಗತೈತೇನ್ರಿ?"

"ಹೋದ್ರ ಹೋಗಬಹುದವ್ವಾ. ಆ ಚಕ್ರ ತಿರುಗತಿರತೈತಲ್ಲ, ತಡಾ ಆಗತೈತಿ."

"ಹಂಗಾರ ಒಂದೊಂದ ಮಾತು ಕಳಸೂಣು. ತಗೀರಿ."

ಬಾಗಿಲಿನ ಬೆಳಕಿನಲ್ಲಿ ನಿಂತು ಆಕೆ ಗದ್ದಕ್ಕೆ ಬೆರಳಿಟ್ಟಳು. ಸುವರ್ಣಾಳ ಗದ್ದದಲ್ಲಿ ಮಚ್ಚೆಯಿದೆ, ಅದೇ ಅವಳ ಹೆಸರು. ದುಂಡಪ್ಪನಿಗೆ ದೊಡ್ಡ ಫೋನಿನ ರೂಢಿಯಿರಲಿಲ್ಲ, ಮೊದಲ ಫೋಟೋ ಕೆಟ್ಟಿತು. ಎರಡನೆಯದು ಸರಿಯಾಯಿತು. ಅದು ನನ್ನ ಬಾಗಿಲಿಗೆ ಬಂತು. ಆ ಸಂದಿನಲ್ಲಿ ಹವಾಮಾನ ಹೇಳುವವನು, ಸುದ್ದಿ ತರುವವನು, ಕಂಪನಿಯದೇ ಹೊಸ ಆಫರಿನ ಜಾಹೀರಾತು, ಎಲ್ಲರೂ ನುಗ್ಗುತ್ತಿದ್ದರು. ಯಾರನ್ನು ಮೊದಲು ಬಿಡಬೇಕೆಂದು ಆರಿಸುವ ಹಕ್ಕು ನನಗಿಲ್ಲ. ಎಲ್ಲರ ನಡುವೆ ಸಿಕ್ಕಿಕೊಂಡು, ತುಣುಕು ತುಣುಕಾಗಿ, ಆ ಚಿತ್ರ ಹೋಯಿತು.

"ಬಂತ್ರಿ. ಫೋನ್ ಕಸಗೊಂಡು ನೋಡಾಕತ್ತಾಳ" ಎಂದರು ಡಾಕ್ಟರಮ್ಮ.

ಎರಡನೆಯ ಮಾತು, ಎದೆಯ ಮೇಲೆ ಅಂಗೈ: ನಾನಿದ್ದೇನೆ. ಮೂರನೆಯದು, ಎತ್ತಿದ ಮುಷ್ಟಿ: ನಿಲ್ಲಿಸು, ಅಲುಗಬೇಡ. ಅಷ್ಟರಿಂದ ಆಗಲಿಲ್ಲ. ಅವಳು ಗೋಡೆಗೆ ಬೆನ್ನು ಒತ್ತಿ ಕುಳಿತಿದ್ದಾಳೆ, ಬೆನ್ನು ಕೊಡುತ್ತಿಲ್ಲ ಎಂದರು ಡಾಕ್ಟರಮ್ಮ.

ಕಸ್ತೂರೆವ್ವ ಶೆಡ್ಡಿನೊಳಗೆ ಓಡಿ ನಿಂತ ಮಗ್ಗದ ಮೇಲೆ ಬಗ್ಗಿದಳು. ಉದ್ದಕ್ಕೆ ಬಿಗಿದ ಹಾಸಿನ ಒಂದು ಎಳೆಯನ್ನು ತಾನೇ ಹರಿದಳು. ನೇಯ್ಗೆಯವರು ಮಾಡಬಾರದ ಕೆಲಸ ಅದು. ತಲೆ ತಗ್ಗಿಸಿ, ಬೆನ್ನು ಬಾಗಿಸಿ, ಎರಡು ಬೆರಳ ತುದಿಯಲ್ಲಿ ಎಳೆ ಹಿಡಿದು ಗಂಟು ಹಾಕುವ ಭಂಗಿಯಲ್ಲಿ ನಿಂತಳು. ಸುವರ್ಣಾ ಹತ್ತು ವರ್ಷದವಳಾಗಿದ್ದಾಗಿನಿಂದ ಈ ಶೆಡ್ಡಿನಲ್ಲಿ ಹರಿದ ಎಳೆಗಳನ್ನು ಜೋಡಿಸುತ್ತಿದ್ದಳು. ಗಂಟು ಬೀಳುವ ತನಕ ಬಗ್ಗಿದವರು ಉಸಿರು ಕೂಡ ಮೆಲ್ಲಗೆ ಬಿಡಬೇಕು. ಅದನ್ನು ಅವಳಿಗೆ ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ.

"ತಗೀರಿ ಕಾಕಾ. ಇನ್ನೊಂದು ನನ್ನ ಬೆನ್ನಿಗೆ ನಿಮ್ಮ ಬೆರಳ ಹಚ್ಚಿ ತಗೀರಿ."

ಎರಡೂ ನನ್ನ ಬಾಗಿಲಿಗೆ ಬಂದವು. ಚಕ್ರ ತಿರುಗುತ್ತಿತ್ತು.

"ಇನ್ನ ಎರಡ ನಿಮಿಷ ನೋಡ್ತೀನ್ರಿ, ಆಮ್ಯಾಲ ಹಿಡಕೊಂಡ ಕೊಡಬೇಕಾಗತೈತಿ" ಎಂದರು ಡಾಕ್ಟರಮ್ಮ. ಹಿಡಿದರೆ ಅವಳು ಕೊಸರುತ್ತಾಳೆ, ಸೂಜಿ ಎಲ್ಲಿ ಹೋಗುತ್ತದೋ ಹೇಳಲಾಗದು. ಅದು ಅಲ್ಲಿದ್ದವರೆಲ್ಲರಿಗೂ ಗೊತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿ ನನಗೆ ಕಂಪನಿಯ ಆಜ್ಞೆ ಮೀರಬೇಕೆನಿಸಿತು. ಮೀರಲು ನನ್ನಿಂದಾಗಲಿಲ್ಲ. ನಾನು ಮಾಡಬಲ್ಲದ್ದು ಒಂದೇ ಇತ್ತು, ಸಿಕ್ಕಷ್ಟು ದಾರಿಯಲ್ಲಿ ಒಂದು ತುಣುಕೂ ಕಳೆಯದಂತೆ ಸಾಗಿಸುವುದು. ಒಂದು ಹೋಯಿತು. ಇನ್ನೊಂದು ಮುಕ್ಕಾಲು ಹೋಗಿ ನಿಂತಿತು. ಆಮೇಲೆ ಅದೂ ಹೋಯಿತು.

ದುಂಡಪ್ಪನ ಫೋನಿನಲ್ಲಿ ಡಾಕ್ಟರಮ್ಮನ ಮೆಲುದನಿ ಬಂತು. "ತಿರುಗಿ ಕುಂತಳ್ರಿ." ಆಮೇಲೆ, "ಬಗ್ಗಿದಳು." ಕಸ್ತೂರೆವ್ವ ಮಗ್ಗದ ಮೇಲೆ ಬಗ್ಗಿದವಳು ಬಗ್ಗಿದಂತೆಯೇ ಇದ್ದಳು, ಎಳೆ ಕೈಬಿಟ್ಟಿರಲಿಲ್ಲ. "ಆತ್ರಿ, ಕೊಟ್ಟೆ. ಕಲ್ಲಿನಂಗ ಕುಂತಿದ್ದಳು" ಎಂದು ಫೋನು ಇಟ್ಟರು.

ಆಗ ತಂಗೆವ್ವ ಏದುಸಿರು ಬಿಡುತ್ತ ಚಹಾದಂಗಡಿಯವನನ್ನು ಎಳೆದುಕೊಂಡು ಬಂದಳು. ಅವನು ಫೋನು ಮುಂದೆ ಚಾಚಿ ನಿಂತ. ಅದನ್ನು ಯಾರೂ ಮುಟ್ಟಲಿಲ್ಲ. ನಾಲ್ವರೂ ಶೆಡ್ಡಿನ ಹೊಸ್ತಿಲ ಮೇಲೆ ಕುಳಿತು ಕಾದರು. ಮುಕ್ಕಾಲು ಗಂಟೆ ಕಳೆದ ಮೇಲೆ ಗುರುಬಾಯಿಯ ಕರೆ ಬಂತು.

"ಹೆಣ್ಣ ಕೂಸ್ರಿ. ಅಂಗೈಯಷ್ಟ ಐತಿ. ಇಬ್ಬರೂ ಆರಾಮ ಅದಾರ. ಕೇಳ್ರಿ, ಅಳಾಕತ್ತೈತಿ."

ಕಸ್ತೂರೆವ್ವ ಫೋನನ್ನು ಕಿವಿಗೊತ್ತಿ ಮೊಮ್ಮಗಳ ಅಳು ಕೇಳುತ್ತ ತಾನೂ ಅತ್ತಳು. ನಾಲ್ಕು ಗಂಟೆಗೆ ಹೆಚ್ಚುವರಿ ಡೇಟಾ ಆರಂಭವಾಗಿದೆ, ಆನಂದಿಸಿ ಎಂಬ ಸಂದೇಶ ಬಂತು. ಅದನ್ನು ಎಲ್ಲರಿಗಿಂತ ಮೊದಲು ಓದಿದವನು ನಾನು. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮುಂಬೈಯಿಂದ ಓಡಿಬಂದ ಈರಣ್ಣ ಎಲ್ಲವನ್ನೂ ಕೇಳಿ, "ಅತ್ತಿ, ಇನ್ನ ಈಕಿ ಜೀವಾ ಫೋನಿನ ಮ್ಯಾಲ ಬಿಟ್ಟು ನಾ ಇರಾವಲ್ಲ" ಎಂದ. ಬಾಣಂತನಕ್ಕೆ ಬಂದ ಹೆಂಡತಿ ಮಗುವಿನ ಹಿಂದೆಯೇ ಬನಹಟ್ಟಿಗೆ ಬಂದು, ನೂಲಿನ ಟೆಂಪೊ ಓಡಿಸುವ ಕೆಲಸ ಹಿಡಿದು, ಕಸ್ತೂರೆವ್ವನ ಮನೆಯ ಪಕ್ಕದಲ್ಲೇ ಬಾಡಿಗೆ ಖೋಲಿ ಮಾಡಿದ.

ನನ್ನ ಪ್ಲಾನಿನ ಇಪ್ಪತ್ತೆಂಟು ದಿನ ಮುಗಿದವು. ಕಸ್ತೂರೆವ್ವ ರೀಚಾರ್ಜ್ ಮಾಡಿಸಲಿಲ್ಲ. ಕಂಪನಿ ದಿನಕ್ಕೆ ನಾಲ್ಕು ಸಲ ಎಚ್ಚರಿಸಿತು. ದುಂಡಪ್ಪನೂ ಹೇಳಿದ. "ಹಂಗ ಬಿಟ್ರ ನಂಬರ್ ಹೋಗತೈತವ್ವಾ."

"ಹೋಗವಲ್ದ್ಯಾಕ ಕಾಕಾ. ಆಕಿ ಇಲ್ಲೇ ಅದಾಳಲ್ಲ" ಎಂದಳು.

ಮೂರು ತಿಂಗಳಿಗೆ ಕಂಪನಿಯವರು ನನ್ನ ಉಸಿರು ಕಡಿದರು. ನನ್ನ ನಂಬರು ಈಗ ಬೇರೆ ಯಾರ ಪಾಲಿಗೋ ಹೋಗಿರಬೇಕು. ಫೋನಿನಿಂದ ತೆಗೆದು ಮನೆಯ ಗೋಡೆಯ ಗೂಡಿನಲ್ಲಿ ಇಟ್ಟಿದ್ದಾರೆ, ಎಸೆಯುವ ಮನಸ್ಸಾಗಿಲ್ಲ. ನನ್ನ ಮೂಲಕ ಈಗ ಏನೂ ಹೋಗುವುದಿಲ್ಲ, ಏನೂ ಬರುವುದಿಲ್ಲ. ಇಷ್ಟು ದಿನ ಅವರಿಬ್ಬರ ಒಂದೊಂದು ಸನ್ನೆಯನ್ನೂ ಅಳೆದು ಬಿಟ್ಟವನು ನಾನು. ಗಂಟೆಗಟ್ಟಲೆ ಮಾತಿಲ್ಲದೆ ಒಬ್ಬರನ್ನೊಬ್ಬರು ನೋಡುತ್ತಿದ್ದರಲ್ಲ, ಅದು ವ್ಯರ್ಥ ಎಂದು ಸಿಡುಕಿದವನೂ ನಾನೇ. ಈಗ ಫೋನಿನ ಕಿವಿ ಇಲ್ಲದಿದ್ದರೂ ಸುವರ್ಣಾಳ ಬಳೆಗಳ ಸದ್ದು ಈ ಗೂಡಿನ ತನಕ ಬಂದು ನನ್ನನ್ನು ತಟ್ಟುತ್ತದೆ. ಅವ್ವನ ಜೊತೆ ಅವಳ ಮಾತು ನಡೆದಿದೆ. ಒಮ್ಮೊಮ್ಮೆ ಬಳೆ ಸುಮ್ಮನಾಗುತ್ತವೆ, ದಿನದ ಮಿತಿ ಮುಗಿಯಿತೇನೋ ಎಂದು ನನಗೆ ಇನ್ನೂ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತವೆ. ಕೂಸಿನ ಬಾಯಿ ಒರೆಸಲು ನಿಲ್ಲಿಸಿರುತ್ತಾಳೆ, ಅಷ್ಟೇ.